ಜೋಜಿಲಾದ ಆಚೆ ಒಂದು ಮನೆ

ಬೆಟ್ಟಸಾಲನ್ನು ದಾಟಿಸುವ ದಾರಿಗೆ ನಮ್ಮ ಪಠ್ಯಪುಸ್ತಕಗಳಲ್ಲಿ ‘ಕಣಿವೆ ಮಾರ್ಗ’ ಎಂದಿರುತ್ತದೆ. ಆ ಪದ ನನಗೆ ಎಂದೂ ಒಗ್ಗಿಲ್ಲ. ಕಣಿವೆ ಎಂದರೆ ತಗ್ಗು, ಇಳಿದು ಹೋಗುವ ಜಾಗ. ಉಸಿರು ಕಟ್ಟಿಕೊಂಡು ಹತ್ತಬೇಕಾದ ಜಾಗಕ್ಕೆ ಅದು ಹೇಗೆ ಹೊಂದೀತು? ನಮ್ಮ ಸಕಲೇಶಪುರದ ಕಡೆ ಯಾರೂ ಹಾಗನ್ನುವುದಿಲ್ಲ. ಘಾಟಿ ಅನ್ನುತ್ತೇವೆ. ಘಾಟಿ ಹತ್ತುವುದು, ಘಾಟಿ ಇಳಿಯುವುದು, ಮಳೆಗಾಲದಲ್ಲಿ ಘಾಟಿ ಬಂದ್ ಆಗುವುದು. ಲಡಾಖಿನವರು ಇದನ್ನೆಲ್ಲ ಒಂದೇ ಅಕ್ಷರದಲ್ಲಿ ಮುಗಿಸುತ್ತಾರೆ: ಲಾ. ಖರ್ದುಂಗ್ ಲಾ, ಫೋತು ಲಾ, ಜೋಜಿ ಲಾ. ಹಾಗಾಗಿ ‘ಜೋಜಿಲಾ ಪಾಸ್’ ಎಂದು ಹೇಳುವುದು ‘ಶಿರಾಡಿ ಘಾಟಿ ಘಾಟ್’ ಎಂದಂತೆ. ಆದರೂ ಎಲ್ಲರೂ ಹಾಗೇ ಹೇಳುತ್ತಾರೆ, ನಾನೂ ಹೇಳುತ್ತೇನೆ.

ಕಾಶ್ಮೀರವನ್ನೂ ಲಡಾಖನ್ನೂ ಹೊಲಿದಿರುವುದು ಈ ಜೋಜಿಲಾ. ಎತ್ತರ 3,528 ಮೀಟರ್. ಹಿಮಾಲಯದ ಲೆಕ್ಕದಲ್ಲಿ ಇದು ದೊಡ್ಡ ಎತ್ತರವೇನಲ್ಲ, ಲೇಹ್ ಪಟ್ಟಣವೇ ಹೆಚ್ಚು ಕಡಿಮೆ ಇಷ್ಟು ಮೇಲಿದೆ. ಶ್ರೀನಗರದಿಂದ ಲೇಹ್‌ಗೆ ಹೋಗುವ ಅದೇ ಹೆದ್ದಾರಿಯಲ್ಲಿ ಮುಂದೆ ಸಿಗುವ ನಮಿಕಾ ಲಾ ಇದಕ್ಕಿಂತ ಎತ್ತರ, ಫೋತು ಲಾ ಅದಕ್ಕಿಂತಲೂ ಎತ್ತರ, 4,108 ಮೀಟರ್. ಆದರೆ ಆ ದಾರಿಯ ಡ್ರೈವರುಗಳು ಹೆದರುವುದು ಮೂರರಲ್ಲಿ ಎಲ್ಲಕ್ಕಿಂತ ಗಿಡ್ಡನಾದ ಜೋಜಿಲಾಕ್ಕೆ. ಚಳಿಗಾಲದಲ್ಲಿ ತಿಂಗಳುಗಟ್ಟಲೆ ಮುಚ್ಚಿಹೋಗುವುದೂ ಇದೇ.

ಇದಕ್ಕೆ ಕಾರಣ ಮಲೆನಾಡಿನವರಿಗೆ ಬೇಗ ಅರ್ಥವಾಗುತ್ತದೆ. ಆಗುಂಬೆಯಲ್ಲಿ ಸುರಿದು ಖಾಲಿಯಾದ ಮೋಡಕ್ಕೆ ಚಿತ್ರದುರ್ಗ ಮುಟ್ಟುವಾಗ ಏನೂ ಉಳಿದಿರುವುದಿಲ್ಲವಷ್ಟೆ? ಅಲ್ಲಿಯೂ ಅದೇ ಕಥೆ, ಮಳೆಯ ಬದಲು ಹಿಮ. ಚಳಿಗಾಲದಲ್ಲಿ ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ತೇವ ಹೊತ್ತು ಬರುವ ಮೋಡಗಳು ಮೊದಲು ಅಡ್ಡಬೀಳುವುದು ಕಾಶ್ಮೀರದ ಈ ಗೋಡೆಗೆ. ಜೋಜಿಲಾ, ದ್ರಾಸ್ ಸುತ್ತಮುತ್ತ ಮೈ ಹಗುರ ಮಾಡಿಕೊಂಡು, ಕಾರ್ಗಿಲ್ ದಾಟುವ ಹೊತ್ತಿಗೆ ಅವು ಬರಿಗೈ. ಅದಕ್ಕೇ ಮುಂದಿನ ಬೆಟ್ಟಗಳು ಎತ್ತರವಾಗಿದ್ದರೂ ಒಣ ಬೆಟ್ಟಗಳು, ಅಲ್ಲಿ ದಾರಿ ಸಾಧಾರಣವಾಗಿ ತೆರೆದೇ ಇರುತ್ತದೆ.

ಇಷ್ಟೆಲ್ಲ ನನಗೆ ಪುಸ್ತಕ ಓದಿ ತಿಳಿದದ್ದಲ್ಲ. ಮೈಸೂರಿನಲ್ಲಿ ಎಂ.ಎಸ್ಸಿ. ಓದುವಾಗ ಹಾಸ್ಟೆಲ್ಲಿನಲ್ಲಿ ನನ್ನ ಜೊತೆ ಇದ್ದವಳು ದ್ರಾಸ್‌ನ ಹುಡುಗಿ. ಮನೆಯಲ್ಲಿ ಅವರದು ಶಿಣಾ ಭಾಷೆ. ನಮ್ಮಿಬ್ಬರ ನಡುವೆ ಹರಕು ಹಿಂದಿ, ಅದಕ್ಕಿಂತ ಹರಕು ಇಂಗ್ಲಿಷ್. ಎರಡನೇ ವರ್ಷಕ್ಕೆ ಬರುವಾಗ ಅವಳ ಬಾಯಲ್ಲಿ ‘ಸಾಕು ಮಾರಾಯ್ತಿ’ ಎಂಬುದು ಎಷ್ಟು ಸಲೀಸಾಗಿ ಬರುತ್ತಿತ್ತೆಂದರೆ ಮೆಸ್ಸಿನ ಅಡುಗೆಯವರು ಅವಳನ್ನು ಮಂಗಳೂರಿನ ಕಡೆಯವಳು ಅಂದುಕೊಂಡಿದ್ದರು.

2017ರ ಜನವರಿಯಲ್ಲಿ ಒಂದು ಬೆಳಗ್ಗೆ ಅವಳ ಅಪ್ಪ ತೀರಿಕೊಂಡ ಸುದ್ದಿ ಬಂತು. ಅವರಲ್ಲಿ ದಫನ್ ಅದೇ ದಿನ. ಅದಕ್ಕೆ ಮೈಸೂರಿನಿಂದ ತಲುಪುವ ಆಸೆ ಅವಳಿಗೂ ಇರಲಿಲ್ಲ. ತಾಯಿಯ ಹತ್ತಿರ ಹೋಗಿ ಕೂತರೆ ಸಾಕಿತ್ತು. ಬೇಸಿಗೆಯಾಗಿದ್ದರೆ ಶ್ರೀನಗರಕ್ಕೆ ವಿಮಾನ, ಅಲ್ಲಿಂದ ಜೀಪು, ಮಾರನೇ ದಿನ ಮನೆ. ಜನವರಿಯಲ್ಲಿ ಆ ದಾರಿ ಇಲ್ಲ. ಹವಾಮಾನ ಒಪ್ಪಿದ ದಿನ ಕಾರ್ಗಿಲ್‌ಗೆ ಹಾರುವ ವಾಯುಪಡೆಯ ಎ.ಎನ್.-32 ಇತ್ತು, ಆದರೆ ಅದರ ಪಟ್ಟಿಯಲ್ಲಿ ಹೆಸರು ಮೇಲೆ ಬರಬೇಕು. ಉಳಿದದ್ದು ಉದ್ದದ ದಾರಿ: ಬೆಂಗಳೂರು, ದೆಹಲಿ, ದೆಹಲಿಯಿಂದ ಲೇಹ್, ಲೇಹ್‌ನಿಂದ ಹಿಂದಕ್ಕೆ ಪಶ್ಚಿಮದತ್ತ ಕಾರ್ಗಿಲ್‌ಗೆ 216 ಕಿಲೋಮೀಟರು, ಅಲ್ಲಿಂದ ದ್ರಾಸ್‌ಗೆ ಇನ್ನೂ ಸುಮಾರು ಅರವತ್ತು. ಮನೆಯನ್ನು ಆಚೆಯಿಂದ ಸುತ್ತಿಕೊಂಡು ಬಂದು ಹಿತ್ತಿಲ ಬಾಗಿಲಿನಿಂದ ಒಳಗೆ ಹೋದ ಹಾಗೆ. ದೆಹಲಿಯಲ್ಲಿ ಮಂಜು, ಲೇಹ್‌ನಲ್ಲಿ ಹಿಮ. ಎರಡು ದಿನ ವಿಮಾನ ಹಾರಲಿಲ್ಲ. ಅವಳು ಮನೆ ಮುಟ್ಟಿದ್ದು ಐದನೇ ದಿನ ಸಂಜೆ. ನೆಲ ಕಲ್ಲಿನಂತೆ ಹೆಪ್ಪುಗಟ್ಟಿದ್ದರಿಂದ ಮೊದಲು ಬೆಂಕಿ ಹಾಕಿ ಮಣ್ಣು ಸಡಿಲ ಮಾಡಿ ಆಮೇಲೆ ಗುಂಡಿ ತೋಡಿದರಂತೆ. ಅದನ್ನು ಅವಳಿಗೆ ಹೇಳಿದವರು ಪಕ್ಕದ ಮನೆಯವರು. ಅವಳು ಹೋಗುವಾಗ ಆ ಜಾಗದ ಮೇಲೆ ಮತ್ತೆ ಹಿಮ ಕೂತಿತ್ತು.

ನಾನು ಜೋಜಿಲಾ ದಾಟಿದ್ದು ಅವಳ ಜೊತೆ, 2022ರ ಜೂನ್ ಕೊನೆಯಲ್ಲಿ. ಶ್ರೀನಗರದಿಂದ ಸೋನಾಮಾರ್ಗ್‌ವರೆಗೆ ಹಸಿರು ಕಣ್ಣು ಬಿಡಲು ಬಿಡುವುದಿಲ್ಲ. ಸಿಂಧ್ ಎಂಬ ಹೊಳೆ ಪಕ್ಕದಲ್ಲೇ ಬರುತ್ತದೆ (ಇದು ಸಿಂಧೂ ನದಿಯಲ್ಲ, ಜೇಲಂ ಸೇರುವ ಬೇರೆ ಹೊಳೆ, ಹೆಸರಿನ ಗೊಂದಲಕ್ಕೆ ನಾನು ಜವಾಬ್ದಾರಳಲ್ಲ). ಬಾಲ್ತಾಲ್‌ನಲ್ಲಿ ಅಮರನಾಥ ಯಾತ್ರೆಯವರಿಗಾಗಿ ಡೇರೆಗಳು ಎದ್ದಿದ್ದವು. ಅಲ್ಲಿಂದ ಏರು ಶುರು. ಗೋಡೆಯಂಥ ಬೆಟ್ಟದ ಮೈಯಲ್ಲಿ ಉಗುರಿನಿಂದ ಗೀರಿದ ಹಾಗೆ ರಸ್ತೆ. ತಿರುವಿನಲ್ಲಿ ಮೇಲೆ ನೋಡಿದರೆ ಲಾರಿಗಳ ಹೊಟ್ಟೆ ಕಾಣುತ್ತದೆ, ಕೆಳಗೆ ನೋಡಿದರೆ ಅವೇ ಡೇರೆಗಳು ಬಣ್ಣದ ಕಾಗದದ ಚೂರುಗಳಾಗಿರುತ್ತವೆ. ಎದುರು ಗಾಡಿ ಬಂದರೆ ಒಬ್ಬರು ಹಿಂದೆ ಹೋಗಲೇಬೇಕಾದ ಜಾಗಗಳಿವೆ. ಆದ್ದರಿಂದ ದೊಡ್ಡ ಗಾಡಿಗಳನ್ನು ಹೊತ್ತಿಗಿಷ್ಟು ಎಂದು ಒಂದೊಂದು ಕಡೆಯಿಂದ ಬಿಡುತ್ತಾರೆ. ಕ್ಯಾಪ್ಟನ್ ಮೋಡ್ ಎಂಬ ತಿರುವು, ಶೈತಾನ್ ನಾಲಾ ಎಂಬ ಹಳ್ಳ: ಹೆಸರುಗಳೇ ಎಲ್ಲ ಹೇಳುತ್ತವೆ. ನಮ್ಮ ಸುಮೋದ ಡ್ರೈವರ್ ಅದುವರೆಗೆ ಹಾಡು ಹಾಕಿಕೊಂಡಿದ್ದವನು ಬಾಲ್ತಾಲ್ ಬಂದದ್ದೇ ಹಾಡು ನಿಲ್ಲಿಸಿದ.

ಮೇಲೆ ಹೋದಾಗ ಒಂದು ವಿಚಿತ್ರ ಕಾಣುತ್ತದೆ. ಹತ್ತಿದಷ್ಟೇ ಇಳಿಯಬೇಕು ಎಂದು ಘಾಟಿಯವರು ನಿರೀಕ್ಷಿಸುತ್ತೇವೆ. ಇಲ್ಲಿ ಇಳಿಜಾರೇ ಇಲ್ಲ. ಆ ಕಡೆ ಗುಮ್ರಿ, ಮೀನಾಮಾರ್ಗ್, ಮಟಾಯನ್ ಎಂದು ಬಯಲು ಹಾಗೇ ಮೆಲ್ಲಗೆ ಜಾರುತ್ತ ಹೋಗುತ್ತದೆ. ಮರಗಳು ಒಮ್ಮೆಗೇ ಮುಗಿದವು. ಕಣ್ಣಿಗೆ ಹಸಿರಿನ ಬದಲು ಬೂದು, ಕಂದು, ಅಲ್ಲಲ್ಲಿ ಕೊಳೆಯಾದ ಹಿಮದ ತುಂಡುಗಳು. ಗುಮ್ರಿಯಲ್ಲಿ ಹುಟ್ಟುವ ತೊರೆ ಬಾಲ್ತಾಲ್ ಕಡೆಗಲ್ಲ, ದ್ರಾಸ್ ಕಡೆ ಹರಿಯುತ್ತದೆ. ನಮ್ಮ ಊರಲ್ಲಿ ಇದನ್ನು ನೋಡುತ್ತಲೇ ಬೆಳೆದಿದ್ದೇನೆ: ಈಚೆ ಬಿದ್ದ ಮಳೆ ಹೇಮಾವತಿಯಾಗಿ ಕಾವೇರಿಗೆ, ಮೂಡಣ ಕಡಲಿಗೆ, ಆಚೆ ಬಿದ್ದದ್ದು ಕೆಂಪುಹೊಳೆಯಾಗಿ ನೇತ್ರಾವತಿಗೆ, ಪಡುವಣ ಕಡಲಿಗೆ. ಒಮ್ಮೆ ಬೇರೆಯಾದರೆ ಬೇರೆಯೇ. ಜೋಜಿಲಾದ ನೀರು ಹಾಗಲ್ಲ. ಈಚಿನದು ಜೇಲಂ, ಚೆನಾಬ್‌ಗಳ ದಾರಿ ಹಿಡಿದು, ಆಚಿನದು ದ್ರಾಸ್, ಸುರು ಹೊಳೆಗಳ ದಾರಿ ಹಿಡಿದು ಕೊನೆಗೆ ಎರಡೂ ಸಿಂಧೂವನ್ನೇ ಸೇರುತ್ತವೆ. ಸೇರುವುದು ಪಾಕಿಸ್ತಾನದ ಬಯಲಿನಲ್ಲಿ.

ಗುಮ್ರಿಯ ಬಯಲಿನಲ್ಲಿ ಚಹಾಕ್ಕೆ ನಿಂತಾಗ ನನಗೆ ಕೊಡಗಿನ ನೆನಪಾಯಿತು. ಇದೇ ಬಯಲಿಗೆ 1948ರ ನವೆಂಬರ್ 1ರಂದು ಹಿಮ ಬೀಳುತ್ತಿರುವಾಗ ಭಾರತದ ಟ್ಯಾಂಕುಗಳು ನುಗ್ಗಿದ್ದು. ಆ ಡಿವಿಷನ್ನಿನ ದಂಡನಾಯಕ ಮಡಿಕೇರಿಯ ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯ. ಅವರ ಮೇಲಧಿಕಾರಿ ಲೆಫ್ಟಿನೆಂಟ್ ಜನರಲ್ ಕೆ.ಎಂ. ಕಾರ್ಯಪ್ಪ, ಅವರೂ ಕೊಡಗಿನವರೇ. ದಾಳಿಕೋರರು ಆ ಬೇಸಿಗೆಯಲ್ಲಿ ಜೋಜಿಲಾ ಹಿಡಿದು ಲೇಹ್‌ನ ಬಾಗಿಲು ಮುಚ್ಚಿದ್ದರು. ಸೆಪ್ಟೆಂಬರ್‌ನಲ್ಲಿ ಕಾಲಾಳುಗಳಿಂದ ಮಾಡಿಸಿದ ದಾಳಿ ಫಲಿಸಲಿಲ್ಲ. ಮೇಲೆ ಬಂಡೆಗಳ ಸಂದಿಯಲ್ಲಿ ಮೆಷಿನ್ ಗನ್ ಇಟ್ಟುಕೊಂಡು ಕೂತವರ ಎದುರು ಬರಿ ಮೈಯ ಸೈನಿಕರು ಎಷ್ಟು ಹೊತ್ತು ನಿಂತಾರು? ಚಳಿಗಾಲ ಬಂದರೆ ಮುಂದಿನ ಬೇಸಿಗೆಯವರೆಗೆ ಲಡಾಖಿನ ಆಸೆ ಬಿಟ್ಟ ಹಾಗೆ. ಆಗ ಹೊಳೆದದ್ದು ಟ್ಯಾಂಕ್. ಅಷ್ಟು ಎತ್ತರದಲ್ಲಿ ಅದುವರೆಗೆ ಯಾರೂ ಟ್ಯಾಂಕ್ ತಂದು ಯುದ್ಧ ಮಾಡಿರಲಿಲ್ಲ. 7ನೇ ಕ್ಯಾವಲ್ರಿಯ ಸ್ಟುಅರ್ಟ್ ಟ್ಯಾಂಕುಗಳ ತಲೆ ಬಿಚ್ಚಿ, ಮುಚ್ಚಿಕೊಂಡು, ಗುಟ್ಟಾಗಿ ಬಾಲ್ತಾಲ್‌ಗೆ ಸಾಗಿಸಿದರು. ಎದುರಿನವರಿಗೆ ಅದು ಕನಸಿನಲ್ಲೂ ಬಂದಿರಲಿಲ್ಲ.

ಈ ಕಥೆಯಲ್ಲಿ ಟ್ಯಾಂಕ್ ಬಗ್ಗೆ ಎಲ್ಲರೂ ಹೇಳುತ್ತಾರೆ. ನನಗೆ ದೊಡ್ಡದಾಗಿ ಕಾಣುವುದು ರಸ್ತೆ. ಅಲ್ಲಿ ಇದ್ದದ್ದು ಹೇಸರಗತ್ತೆ ನಡೆಯುವ ಕಾಲುದಾರಿ. ಅದನ್ನು ಗಾಡಿ ಹೋಗುವ ಹಾದಿ ಮಾಡಿದವರು ಮದ್ರಾಸ್ ಸ್ಯಾಪರ್ಸ್‌ನ ಎರಡು ಕಂಪನಿಗಳು. ಹಲಸೂರು ಕೆರೆಯ ಪಕ್ಕ ನೆಲೆಯಿರುವ ಅದೇ ಮದ್ರಾಸ್ ಎಂಜಿನಿಯರ್ ಗ್ರೂಪ್, ಸೈನ್ಯದಲ್ಲಿ ಎಲ್ಲರೂ ‘ತಂಬಿ’ ಎಂದು ಕರೆಯುವವರು. ತೆಂಕಣ ಸೀಮೆಯ ಬಿಸಿಲಿನಲ್ಲಿ ಬೆಳೆದ ಹುಡುಗರು ಆ ಹಿಮಗಾಳಿಯಲ್ಲಿ, ಮೇಲಿನಿಂದ ಗುಂಡು ಬರುವ ಜಾಗದಲ್ಲಿ, ಬಂಡೆ ಸಿಡಿಸಿ ದಾರಿ ಕೊರೆದರು. ಮಡಿಕೇರಿಯ ಸನ್ನಿಸೈಡ್ ಮನೆಯಲ್ಲಿ 2021ರಲ್ಲಿ ತಿಮ್ಮಯ್ಯನವರ ಮ್ಯೂಸಿಯಂ ತೆರೆದಿದೆ, ಸಾವಿರಾರು ಜನ ನೋಡಿ ಬರುತ್ತಾರೆ. ಹಾರೆ ಹಿಡಿದವರ ಹೆಸರುಗಳಿಗೆ ಅಂಥ ಮನೆಯಿಲ್ಲ. ನವೆಂಬರ್ ಮಧ್ಯದಲ್ಲಿ ದ್ರಾಸ್, ಕೊನೆಯ ವಾರದಲ್ಲಿ ಕಾರ್ಗಿಲ್ ಕೈಸೇರಿತು. ಲೇಹ್ ಉಳಿಯಿತು.

ನಾನು ಇದನ್ನೆಲ್ಲ ಉತ್ಸಾಹದಲ್ಲಿ ಹೇಳುತ್ತಿದ್ದರೆ ಗೆಳತಿ ಚಹಾ ಊದಿಕೊಂಡು ಕುಡಿಯುತ್ತಿದ್ದಳು. ಮುಗಿದ ಮೇಲೆ ಅಂದಳು: “ನಿಮ್ಮೂರಿನವರು ಈ ಬಾಗಿಲು ತೆಗೆದರು, ಸರಿ. ಆಚೆ ಕಡೆ ಇನ್ನೊಂದು ಬಾಗಿಲು ಅದೇ ವರ್ಷ ಮುಚ್ಚಿತಲ್ಲ, ಅದು ನಿನಗೆ ಗೊತ್ತಾ?”

ಅವಳು ಹೇಳಿದ್ದು ಸ್ಕರ್ದು ದಾರಿ. ಡೋಗ್ರಾ ರಾಜರ ಕಾಲದಲ್ಲಿ ಲೇಹ್, ಕಾರ್ಗಿಲ್, ಸ್ಕರ್ದು ಮೂರೂ ಒಂದೇ ಆಡಳಿತದ ಮೂರು ತಹಸೀಲುಗಳು. ಕಚೇರಿ ಅರ್ಧ ವರ್ಷ ಲೇಹ್‌ನಲ್ಲಿ, ಅರ್ಧ ವರ್ಷ ಸ್ಕರ್ದುವಿನಲ್ಲಿ. ಕಾರ್ಗಿಲ್ ಎಂಬುದು ಆಗ ತುದಿಯ ಊರಲ್ಲ, ನಡುವಿನ ಊರು: ಶ್ರೀನಗರ, ಲೇಹ್, ಜಂಸ್ಕಾರ್, ಸ್ಕರ್ದು ನಾಲ್ಕು ಕಡೆಯ ದಾರಿಗಳು ಕೂಡುವ ಚೌಕ. ಹೊಳೆಯ ಗುಂಟ ಸ್ಕರ್ದುವಿಗೆ ಹೋಗಲು ಜೋಜಿಲಾದ ದಯೆ ಬೇಕಿರಲಿಲ್ಲ. ಹೆಣ್ಣು ಕೊಡುವುದು, ತರುವುದು, ಒಣ ಏಪ್ರಿಕಾಟ್, ಉಪ್ಪು, ಬಟ್ಟೆ ಎಲ್ಲ ಆ ಕಡೆಯೂ ನಡೆದಿತ್ತು. 1948ರಲ್ಲಿ ಸ್ಕರ್ದು ಆಚೆಗೆ ಹೋಯಿತು. ಕದನವಿರಾಮದ ಗೆರೆ ಬಿತ್ತು. ಅಜ್ಜಿಯ ಅಣ್ಣ ತಮ್ಮಂದಿರು ಗೆರೆಯ ಆಚೆ ಉಳಿದರು. ಮೊದಮೊದಲು ಕಾಗದ ಬರುತ್ತಿತ್ತಂತೆ, ಸುತ್ತಿ ಬಳಸಿ. ಈಗ ಮೊಮ್ಮಕ್ಕಳು ಫೋನಿನಲ್ಲಿ ಮುಖ ನೋಡುತ್ತಾರೆ. ಕಾರ್ಗಿಲ್‌ನಿಂದ ಆ ದಾರಿ ಇವತ್ತಿಗೂ ಬಂದ್.

ಜೋಜಿಲಾವನ್ನು ನಾನು ಬೇರೆ ಥರ ನೋಡಲು ಶುರು ಮಾಡಿದ್ದು ಇಲ್ಲಿಂದ. ಹಿಮ ಬಿದ್ದು ದಾರಿ ಮುಚ್ಚುವುದು ಪ್ರಕೃತಿಯ ಕೆಲಸ, ಒಪ್ಪೋಣ. ಆದರೆ ದ್ರಾಸ್, ಕಾರ್ಗಿಲ್‌ನ ಜನ ಒಂದೇ ಬಾಗಿಲಿಗೆ ಕಾದು ಕೂರುವಂತೆ ಮಾಡಿದ್ದು ಹಿಮವಲ್ಲ. ‘ದುರ್ಗಮ’ ಎಂಬ ಪದವನ್ನು ನಾವು ಇಂಥ ಊರುಗಳಿಗೆ ಅವುಗಳ ಹುಟ್ಟುಗುಣವೆಂಬಂತೆ ಅಂಟಿಸುತ್ತೇವೆ. ಸಾವಿರಾರು ವರ್ಷ ಅವು ದುರ್ಗಮವಾಗಿರಲಿಲ್ಲ. ಸುಮಾರು 1320ರಲ್ಲಿ ಲಡಾಖಿನಿಂದ ಬಂದ ರಿಂಚನ್ ಎಂಬ ರಾಜಕುಮಾರ ಕಾಶ್ಮೀರದ ಗದ್ದುಗೆಯನ್ನೇ ಹಿಡಿದ. ಹದಿನಾರನೇ ಶತಮಾನದಲ್ಲಿ ಮಿರ್ಜಾ ಹೈದರ್ ದುಘ್ಲಾತ್ ಮಧ್ಯ ಏಷ್ಯಾದ ಸೈನ್ಯ ಕಟ್ಟಿಕೊಂಡು ಜೋಜಿಲಾ ದಾಟಿ ಬಂದದ್ದು ಚಳಿಗಾಲದಲ್ಲಿ. ಚಾಂಗ್‌ಥಾಂಗ್‌ನ ಮೇಕೆಗಳ ಉಣ್ಣೆ ಈ ದಾರಿಯಲ್ಲೇ ಇಳಿದು ಶ್ರೀನಗರದ ಮಗ್ಗಗಳಲ್ಲಿ ಪಶ್ಮಿನಾ ಶಾಲಾಗುತ್ತಿತ್ತು. ಆ ಉಣ್ಣೆ ಕಾಶ್ಮೀರದವರಿಗೇ ಸಲ್ಲಬೇಕೆಂದು 1684ರ ತಿಂಗ್ಮೊಸ್‌ಗಾಂಗ್ ಒಪ್ಪಂದದಲ್ಲಿ ಬರೆದೇ ಇಟ್ಟಿದ್ದರು. ನಾಲ್ಕು ಕಡೆ ಬಾಗಿಲಿದ್ದ ಮನೆಗೆ ಮೂರು ಕಡೆ ಗೋಡೆ ಎಬ್ಬಿಸಿ, ಆಮೇಲೆ ‘ಪಾಪ, ಕತ್ತಲಮನೆ’ ಎಂದರೆ ಹೇಗೆ?

ದ್ರಾಸ್ ಮುಟ್ಟುವಾಗ ಸಂಜೆ. ಜಗತ್ತಿನಲ್ಲಿ ಜನ ವಾಸಿಸುವ ಎರಡನೇ ಅತಿ ಚಳಿಯ ಊರು ಎಂಬ ಬೋರ್ಡಿನ ಮುಂದೆ ಪ್ರವಾಸಿಗರು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಎದುರಿಗೆ ತೋಲೋಲಿಂಗ್, ಅದರ ಹಿಂದೆ ಟೈಗರ್ ಹಿಲ್. 1999ರಲ್ಲಿ ಹೆದ್ದಾರಿಯ ಮೇಲೆ ಶೆಲ್ ಬೀಳುವಾಗ ಇವರ ಮನೆಯವರು ಹಾಸಿಗೆ ಪಾತ್ರೆ ಕಟ್ಟಿಕೊಂಡು ಬೇರೆ ಊರಿಗೆ ಹೋಗಿದ್ದರಂತೆ. ಅದರ ಬಗ್ಗೆ ಟಿ.ವಿ.ಯಲ್ಲೂ ಸಿನಿಮಾದಲ್ಲೂ ಬೇಕಾದಷ್ಟು ಬಂದಿದೆ, ಇಲ್ಲಿ ಬೇಡ.

ಗೆಳತಿಯ ತಾಯಿ ನನ್ನನ್ನು ನೋಡಿದ್ದೇ ಬುಖಾರಿಯ ಹತ್ತಿರ ಕೂರಿಸಿ ಉಪ್ಪು ಚಹಾ ಕೊಟ್ಟರು. ಜೂನ್ ತಿಂಗಳಲ್ಲೂ ಒಲೆ ಉರಿಯುತ್ತಿತ್ತು. ಅವರಿಗೆ ಹಿಂದಿ ಅಷ್ಟಕ್ಕಷ್ಟೆ. ಮಗಳು ನಡುವೆ ಕೂತು ಅತ್ತಿತ್ತ ದಾಟಿಸುತ್ತಿದ್ದಳು. ಮಾರನೇ ದಿನ ಮನೆಯ ಉಗ್ರಾಣ ತೋರಿಸಿದರು. ಬೇಸಿಗೆಯಲ್ಲಿ ಅಲ್ಲಿ ಹೆಚ್ಚೇನಿರಲಿಲ್ಲ, ಆದರೆ ಎಲ್ಲೆಲ್ಲಿ ಏನು ಬರುತ್ತದೆಂದು ಬೆರಳು ಮಾಡಿ ಹೇಳಿದರು. ಆಲೂಗಡ್ಡೆ, ಟರ್ನಿಪ್ ಮಣ್ಣಿನೊಳಗೆ ಗುಂಡಿಯಲ್ಲಿ. ಸೊಪ್ಪು ಒಣಗಿಸಿ ಹಗ್ಗಕ್ಕೆ ಕಟ್ಟಿ. ಮಾಂಸ ಒಣಗಿಸಿ. ಹಿಟ್ಟು, ಬೇಳೆ, ಗ್ಯಾಸ್ ಸಿಲಿಂಡರ್, ಔಷಧಿ. ಬೆರಣಿ ಗೋಡೆಯಂತೆ ಪೇರಿಸಿ. ಐದು ತಿಂಗಳ ಲೆಕ್ಕ, ಐದು ಮಂದಿಯ ಲೆಕ್ಕ, ಬಂದು ಹೋಗುವವರದು ಬೇರೆ. ನನ್ನ ಅಜ್ಜಿ ಮಳೆಗಾಲಕ್ಕೆ ಹಪ್ಪಳ, ಸಂಡಿಗೆ, ಹಲಸಿನ ಬೀಜ, ಉಪ್ಪಿನಲ್ಲಿ ಹಾಕಿಟ್ಟ ಮಾವಿನಕಾಯಿ ಎಂದು ಇದೇ ರೀತಿ ಬೆರಳು ಮಡಿಸುತ್ತಿದ್ದಳು. ಹಾಗೆಂದು ಹೇಳಿದೆ. ಹಲಸಿನ ಬೀಜ ಅಂದರೇನೆಂದು ವಿವರಿಸುವಷ್ಟರಲ್ಲಿ ಅನುವಾದಕಿಗೆ ಸಾಕೋ ಸಾಕಾಯಿತು.

ಆ ರಾತ್ರಿ ಅವಳ ಚಿಕ್ಕಪ್ಪ ಬಂದಿದ್ದರು. ಶ್ರೀನಗರ–ಕಾರ್ಗಿಲ್ ಲಾರಿ ಓಡಿಸಿದವರು. ದಾರಿ ಇನ್ನೂ ತೆರೆಯದ ಒಂದು ಏಪ್ರಿಲ್‌ನಲ್ಲಿ ಅವರೂ ಅಣ್ಣನೂ, ಎಂದರೆ ಗೆಳತಿಯ ಅಪ್ಪನೂ, ಜೋಜಿಲಾವನ್ನು ನಡೆದು ದಾಟಿದ್ದರಂತೆ. ಬಿಸಿಲೇರಿದರೆ ಹಿಮ ಮೆತ್ತಗಾಗುತ್ತದೆ, ಕಾಲು ಹೂಳುತ್ತದೆ, ಮೇಲಿನಿಂದ ರಾಶಿ ಜಾರುತ್ತದೆ. ಆದ್ದರಿಂದ ನಡುರಾತ್ರಿ ಹೊರಟು, ಹೊತ್ತು ಹುಟ್ಟುವ ಮೊದಲು ಬಾಲ್ತಾಲ್ ಇಳಿಯಬೇಕು. ಹನ್ನೊಂದು ಜನ ಸಾಲಾಗಿ, ಒಬ್ಬರಿಗೊಬ್ಬರು ದೂರ ಬಿಟ್ಟು, ಮಾತಿಲ್ಲದೆ. ಅಣ್ಣನ ಬೆನ್ನ ಮೇಲೆ ಜ್ವರ ಬಂದ ಮೂರು ವರ್ಷದ ಮಗು. “ಆ ಮಗುವೇ ಇವಳು” ಎಂದು ಗೆಳತಿಯ ಕಡೆ ಕೈ ತೋರಿಸಿದರು. ಅವಳು ಅದನ್ನು ಎಷ್ಟೋ ಸಲ ಕೇಳಿರಬೇಕು, ಆದರೂ ಎದ್ದು ಬುಖಾರಿಗೆ ಸೌದೆ ಹಾಕುವ ನೆಪ ಮಾಡಿದಳು.

ಈಗ ಬೆಟ್ಟದ ಹೊಟ್ಟೆಯಲ್ಲಿ ಸುರಂಗ ಕೊರೆಯುತ್ತಿದ್ದಾರೆ. ಬಾಲ್ತಾಲ್‌ನಿಂದ ಮೀನಾಮಾರ್ಗ್‌ವರೆಗೆ, 13 ಕಿಲೋಮೀಟರಿಗೂ ಹೆಚ್ಚು ಉದ್ದ. 2018ರ ಮೇನಲ್ಲಿ ಶಂಕುಸ್ಥಾಪನೆ, ಆಮೇಲೆ ಗುತ್ತಿಗೆ ರದ್ದು, ಹೊಸ ಗುತ್ತಿಗೆ, 2020ರ ಅಕ್ಟೋಬರ್‌ನಲ್ಲಿ ಮೊದಲ ಸ್ಫೋಟ. ಸೋನಾಮಾರ್ಗ್‌ನ ಈಚೆ ಆರೂವರೆ ಕಿಲೋಮೀಟರಿನ ಇನ್ನೊಂದು ಸುರಂಗ 2025ರ ಜನವರಿಯಲ್ಲಿ ತೆರೆಯಿತು. ಸುರಂಗ ಬಂದರೆ ಘಾಟಿಯ ಸೊಗಸು ಹೋಗುತ್ತದೆ ಎಂದು ಬೈಕಿನ ಮೇಲೆ ಲಡಾಖ್ ನೋಡಿ ಬಂದ ಗೆಳೆಯರು ಕೊರಗುವುದನ್ನು ಕೇಳಿದ್ದೇನೆ. ಆ ಕೊರಗು ನನಗೆ ಹಿಡಿಸುವುದಿಲ್ಲ. ಸೊಗಸು ನೋಡಬೇಕೆನ್ನುವವರು ಹಳೆಯ ದಾರಿ ಹತ್ತಲಿ, ಅದೇನೂ ಓಡಿಹೋಗುವುದಿಲ್ಲ. ಲಾರಿಯ ಚಿಕ್ಕಪ್ಪನಿಗೆ ಬೇರೆ ಅನುಮಾನವಿತ್ತು. ಸಾಮಾನು ಬೇಗ ಬರುತ್ತದೆ, ಸರಿ; ಜನ ಬೇಗ ಬರುತ್ತಾರೆ, ಬೇಗ ಹೋಗುತ್ತಾರೆ; ದ್ರಾಸ್‌ನಲ್ಲಿ ಇಳಿದು ಊಟ ಮಾಡುವವರು ಯಾರು? ನಮ್ಮೂರಿನ ಘಾಟಿ ಹೋಟೆಲುಗಳ ಗತಿ ಬಲ್ಲ ನನಗೆ ಆ ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ. ಗೆಳತಿಯ ತಾಯಿ ಮಾತ್ರ ಅಷ್ಟೊತ್ತು ಸುಮ್ಮನೆ ಕೇಳಿಸಿಕೊಂಡಿದ್ದವರು, “ಹೆರಿಗೆ ನೋವು ಊಟಕ್ಕೆ ಇಳಿಯೋದಿಲ್ಲ” ಎಂದರು. ಮಾತು ಅಲ್ಲಿಗೆ ನಿಂತಿತು.

ಸುರಂಗಕ್ಕೆ ಮೊದಲೇ ದಾರಿ ಮುಚ್ಚುವ ದಿನಗಳು ಇಳಿಯುತ್ತ ಬಂದಿವೆ. ಗಡಿ ರಸ್ತೆ ಸಂಸ್ಥೆಯವರು ಈಚೆಯಿಂದ ‘ಬೀಕನ್’, ಆಚೆಯಿಂದ ‘ವಿಜಯಕ್’ ಎಂಬ ಎರಡು ತಂಡಗಳಲ್ಲಿ ಹಿಮ ಕಡಿಯುತ್ತ ಬಂದು ಮೇಲೆ ಕೈಕುಲುಕುತ್ತಾರೆ. ರಸ್ತೆಯ ಎರಡೂ ಬದಿಗೆ ಆಗ ಮನೆಯೆತ್ತರದ ಬಿಳಿ ಗೋಡೆ. 2023ರಲ್ಲಿ 68 ದಿನಕ್ಕೆ ತೆರೆದರು, 2024ರಲ್ಲಿ 35ಕ್ಕೆ, 2025ರಲ್ಲಿ 32ಕ್ಕೆ, ಏಪ್ರಿಲ್ ಒಂದರಂದು. ಆ ದಿನ ಪತ್ರಿಕೆಯ ಸುದ್ದಿಯನ್ನು ಗೆಳತಿಗೆ ಕಳಿಸಿದೆ. ಅವಳೀಗ ಕಾರ್ಗಿಲ್‌ನಲ್ಲಿ ಮೇಷ್ಟ್ರು. ರಾತ್ರಿ ಫೋನ್ ಮಾಡಿದಳು. ಮೊದಲ ಲಾರಿಗಳಲ್ಲಿ ಹೂಕೋಸು ಬಂದಿದೆಯಂತೆ, ಟೊಮೆಟೊ ಬಂದಿದೆಯಂತೆ. ಆದರೆ ಅಮ್ಮ ಆ ವರ್ಷವೂ ಐದು ತಿಂಗಳಿಗೆ ಆಗುವಷ್ಟೇ ಸೊಪ್ಪು ಒಣಗಿಸಿಟ್ಟಿದ್ದರು. ಬೇಡ ಅಂದರೆ ಕೇಳುವುದಿಲ್ಲ. “ಪೇಟೆಯಲ್ಲಿ ಹಸಿ ತರಕಾರಿ, ನಮ್ಮ ಮನೆಯಲ್ಲಿ ಜೂನ್‌ವರೆಗೂ ಒಣ ಸೊಪ್ಪೇ. ಸಾಕು ಮಾರಾಯ್ತಿ” ಎಂದಳು.